ಹಲಗೆಗೊಂದು ಕೌದಿ

ಎಂಆರ್‌ಐ ಕೋಣೆಯ ಬಾಗಿಲಲ್ಲಿ ಲೋಹ ಹುಡುಕುವ ಕೋಲು ಕೌದಿಯ ನಾಲ್ಕನೆಯ ಮೂಲೆಗೆ ಬಂದದ್ದೇ ಕುಂಯ್ ಎಂದಿತು. ಸ್ಕ್ಯಾನ್ ಮಾಡುವ ಸುಶ್ರುತ ಮತ್ತೊಮ್ಮೆ ಆಡಿಸಿದ. ಮತ್ತೆ ಕುಂಯ್.

"ನೋಡ್ರಿ ಅಜ್ಜಿ, ಇದಕ್ಕಾಗೇ ಹೊರಗಿನ ಹಾಸಿಗಿ ಒಳಗ ಬಿಡೂದಿಲ್ಲ ನಾವು."

ಶೇವಂತೆವ್ವ ಮೂಲೆಯನ್ನು ಹಿಸುಕಿ ನೋಡಿದಳು. ಬೆರಳುಗಳಿಗೆ ಏನೂ ತಿಳಿಯಲಿಲ್ಲ. ಆರು ತಿಂಗಳಿಂದ ಅವು ಜೋಮು ಹಿಡಿದೇ ಇದ್ದವು. ಕುತ್ತಿಗೆಯಲ್ಲಿ ನರ ಎಲ್ಲಿ ಒತ್ತಿದೆಯೆಂದು ಚಿತ್ರದಲ್ಲಿ ಕಾಣಬೇಕು, ತಡಮಾಡಿದರೆ ಸೂಜಿ ಹಿಡಿಯುವುದನ್ನೇ ಮರೆಯಬೇಕಾದೀತು ಎಂದಿದ್ದರು ಡಾಕ್ಟರು. ಜನರ ಕೌದಿ ಹೊಲಿದೇ ಬದುಕು ಕಟ್ಟಿದವಳು ಅವಳು.

ಹೋದ ವಾರ ಬಂದಾಗ ಅಷ್ಟು ದೊಡ್ಡ ಯಂತ್ರದ ಹಲಗೆಗೆ ಹಾಸಿದ್ದು ಬೆರಳಷ್ಟೂ ದಪ್ಪವಿಲ್ಲದ ರಬ್ಬರು. ಅವಳ ಗೂನುಬೆನ್ನಿನ ಎಲುಬೊಂದೇ ಅದಕ್ಕೆ ಒತ್ತಿ, ತಲೆಯೂ ಸೊಂಟವೂ ಗಾಳಿಯಲ್ಲಿ. ಹತ್ತು ನಿಮಿಷಕ್ಕೆ ಅಲುಗಾಡಿದಳು, ಚಿತ್ರವೆಲ್ಲ ಕಲಸಿಹೋಯಿತು. ಇನ್ನೊಮ್ಮೆ ಹೀಗಾದರೆ ನಿದ್ದೆಯ ಇಂಜೆಕ್ಷನ್ನೇ ಗತಿ ಎಂದು ಸುಶ್ರುತ ಚೀಟಿಯೊಂದನ್ನು ಬರೆದುಕೊಟ್ಟ. ಕೇಶ್ವಾಪುರದ ಬಸ್ಸಿನಲ್ಲಿ ಕೂತು ಅವಳು ಅಕ್ಷರ ಕೂಡಿಸಿ ಕೂಡಿಸಿ ಓದಿದಳು: 'ರೋಗಿ ಸಹಕರಿಸಲಿಲ್ಲ.' ಎಪ್ಪತ್ತೆರಡು ವರ್ಷದಲ್ಲಿ ಆ ಮಾತನ್ನು ಅವಳಿಗೆ ಯಾರೂ ಅಂದಿರಲಿಲ್ಲ. ಮನೆಗೆ ಹೋದವಳೇ ಜರಿಯಿಲ್ಲದ ನೂಲಿನ ಸೀರೆಗಳನ್ನು ಆರಿಸಿ ಹರಿದಳು. ಹೆಗಲ ಕೆಳಗೆ ಏಳು ಪದರು, ಗೂನು ಕೂರಲು ಒಂದು ತಗ್ಗು, ಮೊಣಕಾಲಿಗೆ ಸುರುಳಿ. ಬೆರಳು ಹೇಳದ್ದನ್ನು ಕಣ್ಣಿನಿಂದ ನೋಡಿ ಹೊಲಿದಳು.

ಈಗ ನೆನಪಾಯಿತು. ಕೌದಿ ಹಸಿದಿರಬಾರದೆಂದು ಕೊನೆಯ ಮೂಲೆ ಮುಚ್ಚುವಾಗ ಒಳಗೊಂದು ರೂಪಾಯಿ ಇಡುವುದು ಅವಳ ರೂಢಿ. ಕೈ ತನ್ನ ಪಾಡಿಗೆ ತಾನು ಇಟ್ಟುಬಿಟ್ಟಿತ್ತು.

ಹಲ್ಲಿನಿಂದಲೇ ಹೊಲಿಗೆ ಬಿಚ್ಚಿ ರೂಪಾಯಿ ತೆಗೆದಳು. ಇನ್ನು ಮುಗಿಯಿತೆಂದು ಸುಶ್ರುತ ಕೌದಿ ಮಡಚಲು ಬಂದ. ಅವಳು ಅದನ್ನು ತೊಡೆಯ ಮೇಲೆ ಎಳೆದುಕೊಂಡಳು.

"ತಪ್ಪು ನಂದು, ಕೌದಿದಲ್ಲ. ತಡಿ."

ಕೌದಿಯ ಹೊಟ್ಟೆ ಖಾಲಿಯಿಟ್ಟು ಮಾತ್ರ ಮುಚ್ಚುವುದಿಲ್ಲ ಎಂದಳು. ನರ್ಸ್ ಮುಸ್ಕಾನ್ ತನ್ನ ಡಬ್ಬಿ ತೆರೆದು ಒಣಗಿದ ಕಟಕ ರೊಟ್ಟಿಯ ಚೂರೊಂದನ್ನು ಮುರಿದುಕೊಟ್ಟಳು, ಅಜ್ಜಿಯ ಸಂಚಿಯಿಂದ ಸೂಜಿ ತೆಗೆದು ದಾರವನ್ನೂ ಪೋಣಿಸಿದಳು. ಶೇವಂತೆವ್ವ ಹೊರಗಿನ ಬೆಂಚಿನ ಮೇಲೆ ಕೂತು ಮೂಲೆ ಮುಚ್ಚಿ, ಸೂಜಿಯನ್ನು ಮುಸ್ಕಾನಳ ಕೈಗೆ ಹಣ ಎಣಿಸಿಕೊಟ್ಟಂತೆ ಒಪ್ಪಿಸಿದಳು. ಕೋಲು ಈ ಸಲ ಸುಮ್ಮನಿತ್ತು.

"ಮತ್ತ ಅಲುಗಾಡಿದ್ರ?" ಸುಶ್ರುತ ಕೇಳಿದ.

"ಇಂಜೆಕ್ಷನ್ ಚುಚ್ಚು. ಅಲುಗಾಡಲಿಲ್ಲಂದ್ರ ಆ ಚೀಟಿ ತಿದ್ದಬೇಕು ನೀ. ಹಲಗಿ ಸಹಕರಿಸಲಿಲ್ಲ ಅಂತ ಬರಿಬೇಕು, ತಮ್ಮಾ."

ಮುಸ್ಕಾನ್ ಗೋಡೆಯ ಕಡೆ ತಿರುಗಿ ನಕ್ಕಳು.

ಇಪ್ಪತ್ತೈದು ನಿಮಿಷ ಯಂತ್ರ ತಗಡು ಬಡಿದಂತೆ ಬಡಿಯಿತು. ಶೇವಂತೆವ್ವ ಮನಸ್ಸಿನಲ್ಲೇ ಒಂದೊಂದು ಸಾಲು ಹೊಲಿಗೆ ಹಾಕುತ್ತ ಮಲಗಿದ್ದಳು. ಹೊರಗೆ ಬಂದಾಗ ಸುಶ್ರುತ ಪರದೆ ನೋಡುತ್ತಿದ್ದ. ಚಿತ್ರ ಛಲೋ ಬಂದದ ಎಂದಷ್ಟೇ ಹೇಳಿ, ಚೀಟಿ ಕೇಳಿ ಇಸಿದುಕೊಂಡು ಏನೋ ಹೊಡೆದುಹಾಕಿ ಬರೆದ. ಅವಳು ಕನ್ನಡಕ ಏರಿಸಿ ಕೊನೆಯ ಅಕ್ಷರದವರೆಗೂ ಓದಿ, ಮಡಚಿ ಸೊಂಟಕ್ಕೆ ಸಿಕ್ಕಿಸಿದಳು.

ಕೌದಿ ತರಲೆಂದು ತಿರುಗಿದರೆ, ಮುಸ್ಕಾನ್ ಆಗಲೇ ಬಿದಿರ ಕೋಲೂರಿಕೊಂಡ, ಬೆನ್ನು ಬಾಗಿದ ಮುದುಕನೊಬ್ಬನನ್ನು ಒಳಗೆ ಕರೆತರುತ್ತಿದ್ದಳು. ಸುಶ್ರುತ ಹಲಗೆಯ ಮೇಲೆ ಬಾಗಿ ಅಂಗೈಯಿಂದ ಕೌದಿಯ ಮೂಲೆಗಳನ್ನು ತಡವುತ್ತಿದ್ದ. ರೊಟ್ಟಿಯ ಚೂರು ಸಿಕ್ಕಿತು. ಮುದುಕನಿಗೆ ಚುಚ್ಚದಿರಲೆಂದು ಅದನ್ನು ಬೆರಳಿನಿಂದ ಮೆಲ್ಲಗೆ ಅಂಚಿಗೆ ಸರಿಸಿದ.