ಗಲಾಟೆ ಸೋಸುವ ಫೋನು

ತಿಂಗಳ ಕೊನೆಗೆ ಹಳೆಯ ನೆಟ್‌ವರ್ಕ್ ನಿಲ್ಲಿಸುತ್ತೇವೆ, ಫೋನ್ ಬದಲಿಸಿಕೊಳ್ಳಿ ಎಂದು ಕಂಪನಿಯವರು ದಿನಾ ಮೆಸೇಜ್ ಕಳಿಸಿ ತಲೆ ತಿನ್ನುತ್ತಿದ್ದರು. ನನ್ನ ಬಟನ್ ಫೋನು ಗಟ್ಟಿಮುಟ್ಟಾಗಿಯೇ ಇತ್ತು. ಎಷ್ಟು ಸಲ ಬಿದ್ದರೂ, ಎಂಜಿನ್ ಆಯಿಲ್ ಕುಡಿದರೂ ಜಗ್ಗಿರಲಿಲ್ಲ. ಅಂಥದ್ದನ್ನು ಕಸಕ್ಕೆ ಹಾಕು ಅನ್ನುವುದಕ್ಕೆ ಇವರ್ಯಾರು? ಮೈಯೆಲ್ಲ ಉರಿಯಿತು. ಆದರೂ ಭಾನುವಾರ ಗ್ಯಾರೇಜು ಮುಚ್ಚಿ, ಹೆಂಡತಿಯನ್ನು ಕರೆದುಕೊಂಡು ಅಂಗಡಿಗೆ ಹೋದೆ. ಇಬ್ಬರ ಫೋನೂ ಹಳೆಯವೇ.

ಗಂಟಲಿನ ಆಪರೇಶನ್ ಆದಮೇಲೆ ಅವಳ ದನಿ ಹೋಯಿತು. ಅಂದಿನಿಂದ, ನಾನು ಕೆಲಸದಲ್ಲಿರುವಾಗ ಫೋನ್ ಮಾಡಿ ಉಗುರಿನಿಂದ ಅದರ ಮೇಲೆ ಕುಟ್ಟುತ್ತಾಳೆ. ಮೆತ್ತಗೆ ಒಂದು ಏಟು ಅಂದರೆ ಎಲ್ಲಾ ಸರಿ. ಎರಡು ಅಂದರೆ ಬೇಗ ಬಾ. ನಾನು ಊಟ ತಪ್ಪಿಸಿದ್ದು ಗೊತ್ತಾದರೆ ಟಕಟಕಟಕ ಎಂದು ಬಿಡುವಿಲ್ಲದೆ ಕುಟ್ಟಿ ಜಾಡಿಸುತ್ತಾಳೆ. ಕೈಗೆಲ್ಲ ಗ್ರೀಸ್ ಮೆತ್ತಿಕೊಂಡು ಲಾರಿಯಡಿ ಮಲಗಿರುವವನು ಮೆಸೇಜ್ ಓದುವುದು ಹೇಗೆ? ಕಿವಿಗೆ ಸಿಕ್ಕಿಸಿಕೊಂಡ ವೈರಿನಲ್ಲಿ ಆ ಸದ್ದು ಬಂದರೆ ನನಗೆ ಸಮಾಧಾನ. ಹೊಸ ಫೋನಿನಲ್ಲೂ ಅದು ಕೇಳಬೇಕು, ಮಿಕ್ಕಿದ್ದು ಏನಿದ್ದರೂ ಇಲ್ಲದಿದ್ದರೂ ಅಷ್ಟೇ.

ಅಂಗಡಿಯೊಳಗೆಲ್ಲ ಸೆಂಟಿನ ವಾಸನೆ. ಟೈ ಕಟ್ಟಿದ ಸೇಲ್ಸ್‌ನವನು ನಾನೇನು ಕೇಳಿದೆ ಅನ್ನುವುದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಫೈವ್ ಜಿ ಅಂದ, ಮೂರು ಕ್ಯಾಮೆರಾ ಅಂದ, ಕಂತು ಅಂದ. ನಾನು ಮುಟ್ಟಿದ ಕಡೆಯಲ್ಲೆಲ್ಲ ಬಟ್ಟೆ ಹಿಡಿದು ಗಾಜು ಒರೆಸಿದ. ಇವನ ನಗುವಿಗಿಂತ ನನ್ನ ಉಗುರಿನ ಮಸಿಯೇ ವಾಸಿ ಅನ್ನಿಸಿತು. ಸದ್ದು ಸರಿಯಾಗಿ ಕೇಳಬೇಕಪ್ಪ ಎಂದು ಮತ್ತೆ ಹೇಳಿದಾಗ ಅವನ ಮುಖ ಅರಳಿತು.

"ಇದ್ರಲ್ಲಿ ಗಲಾಟೆ ಎಲ್ಲಾ ಸೋಸಿ ಹೋಗುತ್ತೆ ಸಾರ್. ಮನುಷ್ಯರ ಮಾತು ಮಾತ್ರ ಬರುತ್ತೆ."

ನಮ್ಮ ಸಿಮ್‌ಗಳನ್ನು ಎರಡು ಹೊಸ ಫೋನಿಗೆ ಹಾಕಿಸಿದೆ. ಅವಳು ಒಂದನ್ನು ಹಿಡಿದು ಹೊರಗೆ, ಬಿಸಿಲಲ್ಲಿ, ಗಾಜಿನ ಬಾಗಿಲಾಚೆ ನಿಂತಳು. ಉಗುರು ಆಡುವುದು ಕಾಣುತ್ತಿತ್ತು. ನನ್ನ ಕಿವಿಯಲ್ಲಿ ಏನೂ ಇಲ್ಲ. ಅವಳ ಬೆನ್ನ ಹಿಂದೆಯೇ ಹೋದ ಬಸ್ಸಿನ ಸದ್ದೂ ಇಲ್ಲ. ನಾನು ಕೈಯಾಡಿಸಿ ಇಲ್ಲ ಅಂದೆ. ಅವಳು ಜೋರಾಗಿ ಕುಟ್ಟಿದಳು, ಆಮೇಲೆ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ನೋಡಿದ್ರಾ, ಎಷ್ಟು ಕ್ಲಿಯರ್ ಇದೆ. ಮೇಡಂಗೆ ಏನಾದ್ರೂ ಮಾತಾಡೋಕೆ ಹೇಳಿ ಸಾರ್."

ಅವಳ ಮುಖವನ್ನೇ ಕಾಣದ ಯಾರೋ ಎಲ್ಲೋ ಕೂತು, ಅವಳನ್ನು ಕಸ ಎಂದು ತೀರ್ಮಾನ ಮಾಡಿಬಿಟ್ಟಿದ್ದರು. ಅದಕ್ಕೆ ನಾನು ದುಡ್ಡು ಬೇರೆ ಕೊಡಬೇಕು.

"ನಿಮ್ಮಲ್ಲಿ ತೀರಾ ಕೆಟ್ಟ ಫೋನ್ ಯಾವ್ದಿದೆ? ಅದನ್ನ ತೆಗೀರಿ."

ಅವನು ಮೂಗು ಮುರಿಯುತ್ತಾ ಕೆಳಗಿನ ಖಾನೆಯಿಂದ ಎರಡು ಧೂಳು ಹಿಡಿದ ಡಬ್ಬಿ ತೆಗೆದ. ಬಟನ್ ಫೋನೇ, ಹೊಸ ನೆಟ್‌ವರ್ಕಿಗೂ ಆಗುತ್ತದಂತೆ. ಆದರೆ ಹಾಳುಮೂಳು ಸದ್ದೆಲ್ಲ ಬರುತ್ತದೆ, ಆಮೇಲೆ ವಾಪಸ್ ತರಬೇಡಿ ಎಂದು ಮೊದಲೇ ಹೇಳಿದ. ಸಿಮ್ ಬದಲಿಸಿಕೊಂಡು ಅವಳು ಮತ್ತೆ ಬಿಸಿಲಿಗೆ ಹೋದಳು.

ಕಿವಿಗೆ ಹಿಡಿದರೆ ಇಡೀ ಬೀದಿಯೇ ಒಳಗೆ ನುಗ್ಗಿತು. ಹಾರ್ನು, ಎಳೆಯುವ ಶಟರು, ಯಾರೋ ಕ್ಯಾಕರಿಸಿ ಉಗಿದದ್ದು. ಅದರ ನಡುವೆ ಟಕ್ ಅಂತ ಒಂದು. ನನಗೆ ಉಸಿರು ಬಂತು. ಆಮೇಲೆ ಶುರುವಾಯಿತು ಟಕಟಕಟಕ, ಬಿಸಿಲಲ್ಲಿ ಒಳಗೆ ಹೊರಗೆ ಅಲೆಸಿದ್ದಕ್ಕೆ, ಎಲ್ಲದಕ್ಕೂ. ನಾನು ತಲೆ ತಗ್ಗಿಸಿ ನಿಂತೆ.

ಅಷ್ಟು ಗಲಾಟೆಯಲ್ಲಿ ಏನಾದರೂ ಕೇಳಿಸುತ್ತಾ ಎಂದು ಅವನು ಮೂತಿ ತೂರಿಸಿದ.

"ಸ್ವಲ್ಪ ಸುಮ್ನಿರಪ್ಪ," ಅಂದೆ. "ನನ್ನ ಹೆಂಡ್ತಿ ಮಾತಾಡ್ತಿದ್ದಾಳೆ."