ಯಮನೂರಮ್ಮನ ಅಂಕಿಯಾಟ

"ಆಕಿನಾ? ಆಕಿ ಆಯಾ ಅದಾಳ್ರೀ. ಹುಡುಗ್ರ ಮೂಗು ಒರಸಾಕ ಇಟ್ಕೊಂಡೀನಿ."

ಸಿಂಧನೂರಿನ ನರ್ಸರಿ ಶಾಲೆಯ ಮಾಲೀಕ ಯಂಕೋಬ ಮಾಸ್ತರ ಮಕ್ಕಳ ತಂದೆತಾಯಂದಿರ ಮುಂದೆ ನಗುತ್ತಾ ಹೀಗಂದಾಗ ಯಮನೂರಮ್ಮ ಬಾಗಿಲಲ್ಲೇ ನಿಂತಿದ್ದಳು. ಬೆರಳಿಗೆ ಮೆತ್ತಿದ್ದ ಸುಣ್ಣದ ಪುಡಿಯನ್ನು ಸೀರೆಗೆ ಒರೆಸಿಕೊಂಡು ಒಳಗೆ ಹೋದಳು. ಆ ನಗು ಅವಳ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತು.

ಅದು ೧೯೯೧ನೇ ಇಸವಿ. ಪಾಮನಕಲ್ಲೂರಿನ ಕುರಿಗಾರರ ಮನೆಯ ಹುಡುಗಿ ಅವಳು. ಲಿಂಗಸುಗೂರಿನಲ್ಲಿ ಪಿಯುಸಿ ಓದುವಾಗ ಇಂಗ್ಲಿಷಿನಲ್ಲಿ ಒಮ್ಮೆ ನಪಾಸಾಗಿ, ಹಟಕ್ಕೆ ಬಿದ್ದು ಕಲಿತವಳು. ಯಂಕೋಬನ ಶಾಲೆಗೆ ಟೀಚರಾಗಿ ಸೇರಿದಾಗ ಅಲ್ಲಿ ಮಕ್ಕಳು ಆಪಲ್, ಶಿಪ್ ಎಂದು ಅರ್ಥ ತಿಳಿಯದೆ ಒದರುವುದನ್ನು ಕಂಡು ಅವಳಿಗೆ ಸಂಕಟವಾಗಿತ್ತು. ಅಂಗಳದಲ್ಲಿ ಕುಂಟಲಿಪಿಯ, ಅಂದರೆ ಕುಂಟೆಬಿಲ್ಲೆಯ, ಮನೆಗಳನ್ನು ಬರೆದು ಒಂದೊಂದಕ್ಕೂ ಅಂಕಿ ಕೊಟ್ಟಳು. ಒಂದು ಮಗು ಕುಂಟುತ್ತಾ ಹೋಗಿ ಮನೆಯೊಳಗೆ ನಿಲ್ಲಬೇಕು, ಉಳಿದವರು ಕಣ್ಣೆಷ್ಟೆಂದು "ಹೌ ಮೆನಿ ಐಸ್?" ಅನ್ನಬೇಕು. "ಟೂ ಐಸ್" ಎಂದರೆ ಗೆದ್ದಂತೆ. ಎಲ್ಲರೂ ಹತ್ತರತನಕ ಎಣಿಸುವಷ್ಟರಲ್ಲಿ ಉತ್ತರ ಬರದಿದ್ದರೆ ಚಪ್ಪಾಳೆ ತಟ್ಟಿ "ಜೀರೋ! ಔಟ್!" ಎಂದು ಕೂಗಬೇಕು. ಇಂಥವೇ ಇನ್ನೂ ನಾಲ್ಕು ಆಟ ಕಟ್ಟಿದಳು. ಮಕ್ಕಳು ಮನೆಗೆ ಹೋಗಿ ಅವ್ವನ ಬಳೆ, ಎಮ್ಮೆಯ ಕಾಲುಗಳನ್ನೆಲ್ಲ ಇಂಗ್ಲಿಷಿನಲ್ಲಿ ಎಣಿಸತೊಡಗಿದರು. ಊರು ಬೆರಗಾಯಿತು. ಯಂಕೋಬ, "ಹೈದರಾಬಾದಿನ್ಯಾಗ ಟ್ರೇನಿಂಗ್ ಮಾಡಿ ನಾನಽ ತಂದೀನ್ರೀ" ಎಂದು ಮೀಸೆ ತಿರುವಿದ. ಕಲಿಸುವವಳನ್ನು ಆಯಾ ಮಾಡಿದ.

ಅಂದಿನಿಂದ ಯಮನೂರಮ್ಮ ದಿನಾ ತಾನೂ ಆಟದ ಮನೆಯೊಳಗೆ ನಿಂತು, ಮಕ್ಕಳಿಂದ ಒಂದು ಹೊಸ ಪ್ರಶ್ನೆ ಕೇಳಿಸಿಕೊಳ್ಳತೊಡಗಿದಳು. "ಹೌ ಮೆನಿ ಗೇಮ್ಸ್ ಡಿಡ್ ಯೂ ಮೇಕ್?" ಅವಳ ಉತ್ತರ, "ಫೈವ್ ಗೇಮ್ಸ್." ಮಕ್ಕಳಿಗೆ ಅದೂ ಕಣ್ಣು, ಕಿವಿ ಎಣಿಸಿದಂತೆಯೇ ಆಗಿಹೋಯಿತು.

ಶಾಲೆಯ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಹತ್ತಿರ ಬಂದಾಗ ಅವಳು ಯಂಕೋಬನಿಗೆ ಮೆತ್ತಗೆ ಹೇಳಿದಳು. "ಸರ್, ನೀವಽ ಆಟದ ಮನಿಯಾಗ ನಿಂದರ್‍ರಿ. ಆಟ ನಿಮ್ದು ಅಂತ ಮಂದಿಗೆ ಗೊತ್ತಾಗ್ತದ."

"ಖರೇ ಹೇಳಿದಿ ನೋಡು," ಎಂದು ಅವನು ಹಿಗ್ಗಿದ.

ಗ್ಯಾದರಿಂಗಿನ ದಿನ ಲಿಂಗಸುಗೂರಿನಿಂದ ಶಿಕ್ಷಣ ಇಲಾಖೆಯ ಸಾಹೇಬರು ಬಂದಿದ್ದರು. ಯಂಕೋಬ ಕೊರಳಲ್ಲಿ ಹಾರ ಹಾಕಿಕೊಂಡೇ ಆಟದ ಮನೆಯೊಳಗೆ ನಿಂತ. ಕಣ್ಣೆಷ್ಟು, ಬೆರಳೆಷ್ಟು ಎಂದದ್ದಕ್ಕೆಲ್ಲ ಬಾಯಿಪಾಠದ ಉತ್ತರ ಕೊಟ್ಟ. ಜನ ಚಪ್ಪಾಳೆ ತಟ್ಟಿತು. ಆಗ ಅಕ್ಕಿ ಮಿಲ್ಲಿನ ಡ್ರೈವರ್ ಅಮೀನ್‌ಸಾಬನ ಮಗಳು, ಐದು ವರ್ಷದ ದಾವಲ್‌ಬೀ, ಕೈಯೆತ್ತಿ ಕೇಳಿದಳು. "ಹೌ ಮೆನಿ ಗೇಮ್ಸ್ ಡಿಡ್ ಯೂ ಮೇಕ್?"

ಯಂಕೋಬನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಇಂಥ ಹೊತ್ತಲ್ಲಿ ಪಕ್ಕದಿಂದ ಉತ್ತರ ಪಿಸುಗುಡುತ್ತಿದ್ದವಳ ಕಡೆ ತಿರುಗಿದ. ಯಮನೂರಮ್ಮ ಅವನನ್ನೇ ನೋಡುತ್ತಾ ಸುಮ್ಮನೆ ನಿಂತಳು. ಮಕ್ಕಳು ಎಣಿಸತೊಡಗಿದರು. "ಟೆನ್" ಬಂದದ್ದೇ ತಡ, "ಜೀರೋ! ಔಟ್!" ಎಂದು ಅಂಗಳವೇ ಹಾರಿಹೋಗುವಂತೆ ಕೂಗಿದರು. ಜನ ಬಿದ್ದು ಬಿದ್ದು ನಕ್ಕಿತು.

"ಟೀಚರ್ ಮೇಡ್ ಫೈವ್!" ಎಂದು ದಾವಲ್‌ಬೀ ಬೆರಳು ತೋರಿಸಿದಳು.

ಸಾಹೇಬರು ಯಮನೂರಮ್ಮನತ್ತ ತಿರುಗಿದರು. "ಈ ಆಟ ಕಟ್ಟಿದವರು ನೀವೇನಮ್ಮ?"

"ನಾ ಆಯಾ ಅದೀನ್ರೀ ಸರ್. ಮಾಸ್ತರ ಹಂಗಽ ಹೇಳ್ಯಾರಲ್ರೀ, ಬೇಕಾದ್ರ ಅವರನ್ನಽ ಕೇಳ್ರಿ."

ಯಂಕೋಬ ತಲೆ ತಗ್ಗಿಸಿದ. ಅಂದು ಅವಳು ಕೆಲಸ ಬಿಟ್ಟು, ಸಂಬಳಕ್ಕೂ ಕಾಯದೆ ಊರ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಬಿಸಿ ಅನ್ನ ಉಂಡಷ್ಟು ಸಮಾಧಾನ.

ಕೆಲವು ದಿನಗಳ ಮೇಲೆ ಯಂಕೋಬನೇ ಪಾಮನಕಲ್ಲೂರಿಗೆ ಬಂದ. ಅವ್ವ ಮುದುಕಮ್ಮ ಕುರ್ಚಿ ತರಲು ಎದ್ದಳು. "ನೀರು ಕೊಡಬೇ. ಕುರ್ಚಿ ಬ್ಯಾಡ," ಎಂದಳು ಮಗಳು.

"ನೀ ಇಲ್ದ ಹುಡುಗ್ರು ಸಾಲಿ ಬಿಡಾಕತ್ತಾವು. ಹೆಡ್‌ಮಿಸ್ ಮಾಡ್ತೀನಿ, ಬಾ."

"ದಾವಲ್‌ಬೀ ಹೆಂಗದಾಳ?"

ಗ್ಯಾದರಿಂಗಿನ ಮರುದಿನವೇ ಕೂಸಿನ ಕಿವಿ ಹಿಂಡಿ, ಶಾಲೆಯಿಂದ ಹೊರಗೆ ಹಾಕಿದ್ದಾಗಿ ಅವನು ನೀರಿನ ತಂಬಿಗೆ ನೋಡುತ್ತಾ ಬಾಯಿಬಿಟ್ಟ.

"ಹೋಗ್ರಿ," ಎಂದಳು. ದನಿ ಏರಲಿಲ್ಲ. ಅವನು ಹೋದ ಮೇಲೆ ಅವ್ವ, "ಮನಿತನಕ ಬಂದಾನ, ಸಾಕು ಬಿಡವ್ವಾ" ಎಂದಳು. ಯಮನೂರಮ್ಮನಿಗೆ ಅಂದು ಊಟ ಸೇರಲಿಲ್ಲ. ತನ್ನ ಸೇಡಿಗೆ ಏಟು ತಿಂದದ್ದು ಮಗು.

ಮರುದಿನ ಸಿಂಧನೂರಿಗೆ ಹೋಗಿ ಅಮೀನ್‌ಸಾಬನ ಮುಂದೆ ಎಲ್ಲವನ್ನೂ ಹೇಳಿದಳು. ಅವನು ಬಯ್ಯುತ್ತಾನೆಂದೇ ತಿಳಿದಿದ್ದಳು.

"ನನ್ನ ಮಗಳು ಕೇಳಿದ್ದು ಸುಳ್ಳೇನ್ರೀ ಟೀಚರ್?" ಎಂದ ಅವನು. "ಆತನ ಸಾಲಿ ಎದುರಿಗೇ ನಮ್ಮ ಖಾಲಿ ಜಾಗ ಅದ. ಅಲ್ಲೇ ಹುಡುಗ್ರಿಗೆ ಕಲಿಸ್ರಿ."

ಜೂನಿನಲ್ಲಿ ಆ ಜಾಗದಲ್ಲಿ ತಗಡಿನ ಚಪ್ಪರ ಎದ್ದಿತು. ದಾವಲ್‌ಬೀ ಮೊದಲು ಬಂದಳು, ಅವಳ ಹಿಂದೆ ಓಣಿಯ ಮಕ್ಕಳು, ಆಮೇಲೆ ಸುತ್ತಲಿನ ಹಳ್ಳಿಗಳಾದ ವಳಕಮದಿನ್ನಿ, ಮುಕ್ಕುಂದದ ಮಕ್ಕಳೂ ಬಂದರು. ಮಳೆಗಾಲ ಮುಗಿಯುವ ಹೊತ್ತಿಗೆ ಎದುರಿನ ಶಾಲೆಯಲ್ಲಿ ಬರೀ ಬೆಂಚುಗಳಿದ್ದವು.

ಯಂಕೋಬ ನಿಚ್ಚಣಿಕೆ ಹತ್ತಿ ತನ್ನ ಶಾಲೆಯ ಬೋರ್ಡು ಇಳಿಸುತ್ತಿದ್ದಾಗ ಮಕ್ಕಳು ಆಟ ನಿಲ್ಲಿಸಿ ಅತ್ತ ನೋಡಿದರು. ಯಮನೂರಮ್ಮನೂ ನೋಡಿದಳು. ಕನಿಕರ ಬಂದೀತೇನೋ ಎಂದು ಒಂದು ಗಳಿಗೆ ಕಾದಳು. ಬರಲಿಲ್ಲ.

"ಯಾಕ ನಿಂತ್ರಿ? ಎಣಸ್ರಿ," ಎಂದಳು. "ಇನ್ನೂ ಜೋರಾಗಿ."