ಹಾಲಿನ ಸಾಲು

ಡೈರಿ ಗೋಡೆಯ ಕರಿಹಲಗೆ ಒರೆಸಿಹಾಕಲು ಉಮೇಶ್ ಹೆಗಲ ಮೇಲಿನ ಟವೆಲು ಎಳೆದುಕೊಂಡಾಗ, ಹಾಲಿನ ಸಾಲಿನಲ್ಲಿದ್ದ ಮುದುಕ ದೊಡ್ಡವೆಂಕಟಪ್ಪ ಕೂಗಿದ.

"ಏಮಿರಾ, ಅಳಿಸ್ತೀಯಾ? ನಂಗ್ ಓದಕ್ ಬರಲ್ಲ. ಓದಿ ಹೇಳು, ಆಮೇಲೆ ಅಳ್ಸು."

ಹಲಗೆ ಇದ್ದದ್ದು ಹಾಲಿನ ದರ ಬರೆಯಲು. ಅದರಲ್ಲಿ ಅರ್ಧವನ್ನು, ದಿನಾ ಹಾಲು ಹಾಕಲು ಬರುವ ಸುನಂದ ಎಂದೋ ತನ್ನದು ಮಾಡಿಕೊಂಡಿದ್ದಳು. ಕೆರೆ ಒತ್ತುವರಿಯಾಗಲಿ, ಅಂಗನವಾಡಿಯ ಮೊಟ್ಟೆಯಾಗಲಿ, ಊರಿನ ತಕರಾರೆಲ್ಲ ಅಲ್ಲಿ ಬರೆಯುತ್ತಿದ್ದಳು. ಸಾಲಿನಲ್ಲಿ ನಿಂತವರಿಗೆ ಓದುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಮೊದಮೊದಲು ಬೈಯುತ್ತಿದ್ದ ಡೈರಿ ಕಾರ್ಯದರ್ಶಿ ಅಶ್ವತ್ಥಪ್ಪ ಈಗ ತಾನೇ ಸೀಮೆಸುಣ್ಣ ತಂದುಕೊಡುತ್ತಿದ್ದ.

ಈ ಸಲದ ವಿಷಯ ಉಮೇಶನ ಮನೆಯದೇ. ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಅವನ ತಾಯಿ ಕದಿರಮ್ಮನ ಕಾಲಿನ ಮೇಲೆ ಜಲ್ಲಿ ಕ್ರಷರಿನ ಟಿಪ್ಪರ್ ಲಾರಿ ಹರಿದಿತ್ತು. ಕೋಲಾರದ ಆಸ್ಪತ್ರೆಯಲ್ಲಿ ಕಾಲು ತೆಗೆದರು. ಆಮೇಲೂ ಟಿಪ್ಪರುಗಳು ಕೆರೆಯಾಚೆ ರಸ್ತೆ ಬಿಟ್ಟು, ದಾರಿ ಹತ್ತಿರವೆಂದು ಊರೊಳಗೇ ಓಡುತ್ತಿದ್ದವು. ನಾಳೆ ಬರುವ ಮೊದಲ ಗಾಡಿಯನ್ನು ಸುಟ್ಟೇಬಿಡುವುದೆಂದು ಉಮೇಶ್, ಅವನ ಗೆಳೆಯ ವೆಂಕಟ್ ಸೇರಿ ಪೆಟ್ರೋಲೂ ತಂದಿಟ್ಟಿದ್ದರು. ಅದು ಕಿವಿಗೆ ಬಿದ್ದು ಸುನಂದ ಹಲಗೆಯಲ್ಲಿ ಬರೆದಿದ್ದಳು.

ಮುದುಕ ಬಿಡುವವನಲ್ಲ. ಉಮೇಶ್ ಸಿಡುಕುತ್ತಲೇ ಓದಿದ.

"ಟಿಪ್ಪರ್ ಸುಟ್ಟರೆ ಪೇಪರಿನಲ್ಲಿ ಟಿಪ್ಪರಿನ ಫೋಟೊ ಬರುತ್ತದೆ. ಕದಿರಮ್ಮನ ಕಾಲಿನ ಮಾತು ಯಾರೂ ಎತ್ತುವುದಿಲ್ಲ. ಮಾಲೀಕರು ವಿಮೆಯಲ್ಲಿ ಹೊಸ ಗಾಡಿ ತರುತ್ತಾರೆ. ನಮ್ಮ ಹುಡುಗರು ಜೈಲಿಗೆ ಹೋಗುತ್ತಾರೆ. ಆಗ ಕದಿರಮ್ಮನನ್ನು..."

ಅವನು ಓದು ನಿಲ್ಲಿಸಿ ಟವೆಲನ್ನು ಹಲಗೆಯತ್ತ ಎತ್ತಿದ.

"ಹ್ಞೂಂ, ಮುಂದಕ್ಕೆ," ಎಂದ ದೊಡ್ಡವೆಂಕಟಪ್ಪ.

"ಆಗ ಕದಿರಮ್ಮನನ್ನು ಬಚ್ಚಲಿಗೆ ಎತ್ತಿಕೊಂಡು ಹೋಗುವವರು ಯಾರು? ನಾಳೆ ಹಾಲಿನ ಸಾಲು ರಸ್ತೆಗೆ ಅಡ್ಡ ನಿಲ್ಲಲಿ. ಟಿಪ್ಪರುಗಳನ್ನು ಕೆರೆಯಾಚೆ ರಸ್ತೆಯಲ್ಲಿ ಓಡಿಸಲು ಮಾಲೀಕರು ಒಪ್ಪುವ ತನಕ ಸರಿಯುವುದು ಬೇಡ. ಕೈಯಲ್ಲಿ ಹಾಲಿನ ಕ್ಯಾನು ಬಿಟ್ಟು ಬೇರೇನೂ ಬೇಡ."



"ಲೇ, ಅಳ್ಸೋ ಅದ್ನ," ಎಂದ ವೆಂಕಟ್.

"ಇರ್ಲಿ ಬಿಡ್ಲಾ." ಉಮೇಶ್ ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, ಸಾಲಿನಲ್ಲೇ ಇದ್ದ ಸುನಂದಳ ಬಳಿ ಹೋದ. "ಅಕ್ಕಾ, ಹಾಲು ಹಾಕಿದ್ಮೇಲೆ ಎಲ್ರೂ ಮನೆಗ್ ಹೋಗ್ತಾರೆ. ಆಮೇಲೆ?"

"ಅದು ನಂಗೂ ಹೊಳೀಲಿಲ್ಲ ಕಣೋ. ನೀನೇ ಯೋಚ್ನೆ ಮಾಡು."

ಮರುದಿನ ಬೆಳಿಗ್ಗೆ ಅಶ್ವತ್ಥಪ್ಪ ಹಾಲು ಅಳೆಯುವ ಮೇಜನ್ನು ರಸ್ತೆಯ ಅಂಚಿಗೇ ತಂದಿಟ್ಟ. ಸಾಲು ರಸ್ತೆಗೆ ಅಡ್ಡಲಾಗಿ ಆಚೆ ಬದಿಯವರೆಗೂ ನಿಂತಿತು. ಟಿಪ್ಪರ್ ಬಂದು ನಿಂತು ಹಾರ್ನ್ ಹೊಡೆಯಿತು.

"ಜರುಗ್ರಪ್ಪಾ!" ಡ್ರೈವರ್ ತಲೆ ಹೊರಗೆ ಹಾಕಿದ.

"ಹಾಲ್ ಹಾಕ್ತಾವ್ರೆ, ಕಾಣ್ಸಲ್ವಾ?" ಎಂದ ಅಶ್ವತ್ಥಪ್ಪ.

ಸಾಲು ಸರಿದಂತೆ ಉಮೇಶ್ ಟಿಪ್ಪರಿನ ಮುಂದಿನ ಚಕ್ರದ ಎದುರಿಗೇ ಬಂದ. ಅಲ್ಲೇ ನಿಂತು ಚಕ್ರವನ್ನು ದಿಟ್ಟಿಸಿದ. ವೆಂಕಟ್ ಅವನ ಮುಖವನ್ನೇ ನೋಡುತ್ತಿದ್ದ. ಉಮೇಶ್ ಮುಂದೆ ಸರಿದು, ಸರದಿ ಬಂದಾಗ ಹಾಲು ಸುರಿದ. ಅವನ ಹಿಂದೆ ಇನ್ನು ನಾಲ್ಕೈದು ಜನ ಉಳಿದಿದ್ದರು, ಅಷ್ಟೆ. ಡ್ರೈವರ್ ಗೇರು ಹಾಕಿದ.

ಉಮೇಶ್ ಖಾಲಿ ಕ್ಯಾನು ಹಿಡಿದು ಸಾಲಿನ ಕೊನೆಗೆ ಹೋಗಿ ನಿಂತ.

"ಹಾಕಾಯ್ತಲ್ಲೋ, ಮತ್ಯಾಕ್ ನಿಂತೆ?" ಅಶ್ವತ್ಥಪ್ಪ ಕೇಳಿದ.

"ಸಾಯಂಕಾಲದ ಹಾಲಿಗೆ ಅಣ್ಣಾ. ಈಗ್ಲೇ ನಿಂತ್ಕೊಂಡಿದೀನಿ."

ದೊಡ್ಡವೆಂಕಟಪ್ಪ ತನ್ನ ಖಾಲಿ ಕ್ಯಾನು ತಂದು ಅವನ ಹಿಂದೆ ನಿಂತ. ಆಮೇಲೆ ಸುನಂದ. ಅವಳ ಹಿಂದೆ ವೆಂಕಟ್. ಡ್ರೈವರ್ ಗೇರು ತೆಗೆದು, ಎಂಜಿನ್ ಆರಿಸಿದ.